ಸೆಣಸದೆ ಬಂದ ಗೆಲುವುಗಳು

2011ರ ಫೆಬ್ರುವರಿಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಹೈಸ್ಕೂಲು ಕುಸ್ತಿ ಪಂದ್ಯಾವಳಿ ಡೆ ಮಾಯ್ನ್ ನಗರದಲ್ಲಿ ನಡೆದಿತ್ತು. 112 ಪೌಂಡ್ ವಿಭಾಗದಲ್ಲಿ ಕ್ಯಾಸಿ ಹರ್ಕೆಲ್ಮನ್ ಎಂಬ ಹುಡುಗಿಗೆ ಜೋಡಿಯಾಗಿ ಬಿದ್ದವನು ಆ ವರ್ಷ 35 ಕುಸ್ತಿ ಗೆದ್ದಿದ್ದ ಹುಡುಗ. ಹುಡುಗಿಯ ಮೇಲೆ ಪಟ್ಟು ಹಾಕುವುದು ತನ್ನ ಧರ್ಮಶ್ರದ್ಧೆಗೆ ಒಗ್ಗದೆಂದು ಅವನು ಹಿಂದೆ ಸರಿದ. ಆ ಪಂದ್ಯಾವಳಿಯ ಚರಿತ್ರೆಯಲ್ಲಿ ಹುಡುಗಿಯೊಬ್ಬಳು ಪಡೆದ ಮೊದಲ ಗೆಲುವು ದಾಖಲಾದದ್ದು ಹೀಗೆ.

ನಿಯಮದ ಭಾಷೆಯಲ್ಲಿ ಇದು ಫೋರ್ಫಿಟ್. ಎದುರಾಳಿ ಕಣಕ್ಕೇ ಇಳಿಯದಿದ್ದರೆ ಈ ತೀರ್ಪು. ಕುಸ್ತಿ ಶುರುವಾದ ಮೇಲೆ ಮುಂದುವರಿಸಲಾಗದೆ ನಿಂತರೆ ಅದು ಡಿಫಾಲ್ಟ್. ಗಾಯಾಳುವಿಗೆ ಸಿಗುವುದು ಒಟ್ಟು ಒಂದೂವರೆ ನಿಮಿಷದ ಬಿಡುವು, ರಕ್ತ ಸೋರುತ್ತಿದ್ದರೆ ಐದು ನಿಮಿಷ. ಅಷ್ಟರಲ್ಲಿ ಏಳದಿದ್ದರೆ ಸೋಲು. ಆದರೆ ಎದುರಾಳಿಯ ನಿಷಿದ್ಧ ಪಟ್ಟಿನಿಂದಲೇ ಪೆಟ್ಟಾಗಿದ್ದರೆ ಲೆಕ್ಕ ತಿರುಗುತ್ತದೆ: ಚೇತರಿಸಿಕೊಳ್ಳಲು ಎರಡು ನಿಮಿಷ ಕೊಡುತ್ತಾರೆ, ಆಮೇಲೂ ಆಗದಿದ್ದರೆ ನೆಲಕ್ಕೆ ಬಿದ್ದವನೇ ವಿಜಯಿ.

ಹುಡುಗಿಯರ ಪ್ರಶ್ನೆ ಅಯೋವಾದಲ್ಲಿ ಮುಗಿಯಲಿಲ್ಲ. 2019ರಲ್ಲಿ ಕೊಲರಾಡೊದ ಹುಡುಗನೊಬ್ಬ ರಾಜ್ಯ ಪಂದ್ಯಾವಳಿಯಲ್ಲಿ ಇಬ್ಬರು ಹುಡುಗಿಯರೊಡನೆ ಸೆಣಸಲು ಒಪ್ಪದೆ ಹೊರನಡೆದ. ಆ ಇಬ್ಬರೂ ಬಹುಮಾನದ ಪಟ್ಟಿ ಸೇರಿದರು. ಇದಕ್ಕೊಂದು ದಾರಿಯನ್ನು ಹವಾಯಿ 1998ರಷ್ಟು ಹಿಂದೆಯೇ ತೋರಿಸಿತ್ತು: ಹುಡುಗಿಯರಿಗೆ ಅವರದೇ ಪ್ರತ್ಯೇಕ ಕುಸ್ತಿ. ಉಳಿದ ಹೆಚ್ಚಿನ ರಾಜ್ಯಗಳು ಅದನ್ನು ಹಿಡಿಯಲು ವರ್ಷಗಳೇ ಬೇಕಾದವು. ಕೊಲರಾಡೊ 2020-21ರಲ್ಲಿ ಮಾನ್ಯತೆ ಕೊಟ್ಟರೆ, ಅಯೋವಾ 2022-23ರಲ್ಲಿ ಕೊಟ್ಟಿತು.

ಫೋರ್ಫಿಟ್ ಬೆದರಿಕೆಯ ಅಸ್ತ್ರವಾದದ್ದೂ ಉಂಟು. 2018ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ಕಪ್ಪುವರ್ಣೀಯ ಹುಡುಗನೊಬ್ಬನ ಮುಂದೆ ರೆಫರಿ ಎರಡೇ ಆಯ್ಕೆ ಇಟ್ಟರು: ಜಡೆಗಟ್ಟಿದ ಕೂದಲು ಕತ್ತರಿಸಿಕೊ, ಇಲ್ಲವೇ ಪಂದ್ಯ ಬಿಟ್ಟುಕೊಡು. ಕೊಟ್ಟ ಗಡುವು 90 ಸೆಕೆಂಡ್. ಹುಡುಗ ಅಲ್ಲೇ, ಎಲ್ಲರೆದುರು ಕೂದಲು ಕೊಟ್ಟು ಕುಸ್ತಿ ಗೆದ್ದ. ಆ ವಿಡಿಯೊ ದೇಶವನ್ನೇ ಕೆರಳಿಸಿತು. ರೆಫರಿಗೆ ಎರಡು ವರ್ಷ ಅಮಾನತಾಯಿತು. 2021ರಲ್ಲಿ ಹೈಸ್ಕೂಲು ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ ಕೂದಲ ಉದ್ದದ ಮಿತಿಯನ್ನೇ ತೆಗೆದುಹಾಕಿತು.

ಇವು ಸುದ್ದಿಯಾದ ಪ್ರಕರಣಗಳು. ಸದ್ದಿಲ್ಲದ ಫೋರ್ಫಿಟ್‌ಗಳೇ ಹೆಚ್ಚು. ಎರಡು ಶಾಲೆಗಳ ನಡುವಿನ ಪಂದ್ಯದಲ್ಲಿ ಸಾಮಾನ್ಯ ಗೆಲುವಿಗೆ 3 ಅಂಕ, ಎದುರಾಳಿಯನ್ನು ಚಿತ್ ಮಾಡಿದರೆ 6. ಫೋರ್ಫಿಟ್‌ಗೂ 6! ಹದಿನಾಲ್ಕು ತೂಕ ವಿಭಾಗಗಳಿಗೂ ಹುಡುಗರನ್ನು ಹೊಂದಿಸಲಾಗದ ಸಣ್ಣ ಊರಿನ ಶಾಲೆ, ಕುಸ್ತಿ ಶುರುವಾಗುವ ಮೊದಲೇ ಖಾಲಿ ತೂಕವೊಂದಕ್ಕೆ ಆರರಂತೆ ಅಂಕ ಒಪ್ಪಿಸಿ ಕೂರಬೇಕಿತ್ತು. ಒಕ್ಕೂಟ ಕೊನೆಗೆ 2023-24ರಿಂದ 12, 13 ಅಥವಾ 14 ತೂಕ ವಿಭಾಗಗಳಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿತು. ಚಿಕ್ಕ ಶಾಲೆಗಳ ಕಷ್ಟಕ್ಕೆ ಇದು ಅರ್ಧ ಪರಿಹಾರವಷ್ಟೆ. ಆರು ಅಂಕದ ದಂಡ ಹಾಗೆಯೇ ಉಳಿದಿದೆ.