ನಾಗರಹೊಳೆಗೆ ಬಂದ ದುಡ್ಡು

ಕಳೆದ ಭಾನುವಾರ ರಾಂಜಣಗಾಂವದ ಮಹಾಗಣಪತಿ ಗುಡಿಯ ಹತ್ತಿರ ಚಹಾ ಕುಡೀತಾ ನಿಂತಿದ್ದೆ. ಪಕ್ಕದ ಮನೆಯ ಹುಡುಗ ಸಿಕ್ಕ. ತಾಡೋಬಾಕ್ಕೆ ಹೋಗಿ ಹುಲಿ ನೋಡಿ ಬಂದ ಖುಷಿ ಅವನಿಗೆ. ಮುಂದಿನ ಸಲ ನಾಗರಹೊಳೆಯಂತೆ. "ಕಾಕಾ, ನೀವು ಆ ಕಡೆಯವರೇ ಅಲ್ವಾ? ಸಫಾರಿಗೆ ಇಷ್ಟೊಂದು ದುಡ್ಡು ಕೊಡ್ತೀವಲ್ಲ, ಅಲ್ಲಿ ಕಾಡಿನ ಜನಕ್ಕೆ ಏನಾದ್ರೂ ಸಿಗುತ್ತಾ?" ಅಂತ ಮರಾಠಿಯಲ್ಲಿ ಕೇಳಿದ. ಸಿಗುತ್ತೆ ಅನ್ನೋಕೂ ಆಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ. ಮನೆಗೆ ಬಂದ ಮೇಲೂ ಅದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಅದಕ್ಕೇ ಈ ಬರಹ.

ನಮ್ಮದು ಹುಣಸೂರು ತಾಲ್ಲೂಕು. ಊರು ಬಿಟ್ಟು ಇಪ್ಪತ್ತೈದು ವರ್ಷ ಮೀರಿತು. ಆ ಸೀಮೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಹುಣಸೂರು ಅಂದ್ರೆ ಹೊಗೆಸೊಪ್ಪು. ಸೊಪ್ಪು ಹದ ಮಾಡೋ ಬ್ಯಾರನ್ ಹಗಲೂ ರಾತ್ರಿ ಉರಿಯಬೇಕು, ಅದಕ್ಕೆ ಗಾಡಿಗಟ್ಟಲೆ ಸೌದೆ ಬೇಕು. ನಮ್ಮ ಮನೆಯ ಬ್ಯಾರನ್ನಿಗೆ ಸೌದೆ ಎಲ್ಲಿಂದ ಬರುತ್ತಿತ್ತು ಅಂತ ಚಿಕ್ಕಂದಿನಲ್ಲಿ ನಾನು ಯಾವತ್ತೂ ಕೇಳಿದವನಲ್ಲ. ಆದರೆ "ಕಾಡು ಹಾಳಾಗ್ತಿರೋದು ಹಾಡಿಯವರಿಂದ" ಅನ್ನೋ ಮಾತು ಮಾತ್ರ ಜಗಲಿ ಮೇಲೆ ಕೂತು ಬೇಕಾದಷ್ಟು ಸಲ ಕೇಳಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗೋದು ಒಳ್ಳೆಯದು.

ಹಾಡಿಯವರು ಅಂದರೆ ಜೇನುಕುರುಬರು, ಬೆಟ್ಟಕುರುಬರು, ಯರವರು. ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧ. ಆನೆ ಎಲ್ಲಿದೆ ಅಂತ ಹುಡುಕಿಕೊಡೋಕೆ, ಹಿಡಿದ ಮೇಲೆ ಪಳಗಿಸೋಕೆ ಕುರುಬರೇ ಬೇಕಾಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ, ಅಂದರೆ 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1955ರಲ್ಲೇ ಅಭಯಾರಣ್ಯವಾಗಿದ್ದ ನಾಗರಹೊಳೆ ಬೆಳೆಯುತ್ತಾ ಹೋಗಿ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. ನಿನ್ನೆಯವರೆಗೆ ಸರ್ಕಾರಕ್ಕೆ ಆನೆ ಹಿಡಿದುಕೊಟ್ಟವರು ಕಾನೂನಿನ ಕಣ್ಣಲ್ಲಿ ಅತಿಕ್ರಮಣಕಾರರಾದರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಎಷ್ಟೋ ಹಾಡಿಗಳು ಖಾಲಿಯಾದವು.

ಇನ್ನು ದುಡ್ಡಿನ ಕಥೆ. 1996ರಲ್ಲಿ ವಿಶ್ವಬ್ಯಾಂಕ್ ಭಾರತದ ಏಳು ಕಾಡುಗಳಿಗೆ 'ಪರಿಸರ ಅಭಿವೃದ್ಧಿ ಯೋಜನೆ'ಯನ್ನು ಮಂಜೂರು ಮಾಡಿತು. ಬುಕ್ಸಾ, ಪಲಾಮು, ರಣಥಂಬೋರ್, ಗಿರ್, ಪೆಂಚ್, ಪೆರಿಯಾರ್, ಮತ್ತೆ ನಮ್ಮ ನಾಗರಹೊಳೆ. ಒಟ್ಟು ಸುಮಾರು 6.7 ಕೋಟಿ ಡಾಲರ್. ಇದರಲ್ಲಿ 2.8 ಕೋಟಿ ಬ್ಯಾಂಕಿನ ಸಾಲ, 2 ಕೋಟಿ ಜಾಗತಿಕ ಪರಿಸರ ನಿಧಿಯ ಅನುದಾನ, ಉಳಿದದ್ದು ನಮ್ಮ ಸರ್ಕಾರಗಳದ್ದು ಮತ್ತು ಜನರದ್ದು. ಯೋಜನೆಯ ತರ್ಕ ಸರಳ. ಬಡವರು ಸೌದೆಗೆ, ಮೇವಿಗೆ ಕಾಡಿಗೆ ಹೋಗ್ತಾರೆ, ಅವರಿಗೆ ಬದಲಿ ದಾರಿ ಕೊಟ್ಟರೆ ಹೋಗೋದಿಲ್ಲ. ಹಳ್ಳಿಗೊಂದು ಸಮಿತಿ, ಸಮಿತಿಗೊಂದು ಪುಟ್ಟ ಯೋಜನೆ. ಗ್ಯಾಸ್ ಒಲೆಯೋ ಹಸುವೋ ಹೊಲಿಗೆ ಯಂತ್ರವೋ ಏನು ಬೇಕೋ ಜನರೇ ಹೇಳಬೇಕು, ಖರ್ಚಿನ ಕಾಲು ಭಾಗವನ್ನು ದುಡ್ಡಾಗಿಯೋ ದುಡಿಮೆಯಾಗಿಯೋ ಜನರೇ ಹಾಕಬೇಕು. ಬದಲಿಗೆ ಕಾಡು ಕಾಯ್ತೀವಿ ಅಂತ ಒಪ್ಪಂದ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಕೆಟ್ಟ ಯೋಚನೆಯೂ ಅಲ್ಲ. ಆದರೆ ಕಾಡಂಚಿನ ರೈತನಿಗೆ ಹೊಂದೋ ಈ ಲೆಕ್ಕ ಕಾಡಿನೊಳಗಿನ ಹಾಡಿಗೆ ಹೊಂದುತ್ತಿರಲಿಲ್ಲ. ಆಗ ಉದ್ಯಾನದ ಒಳಗೇ ಸುಮಾರು 6,000 ಗಿರಿಜನರಿದ್ದರು. ಅವರಿಗೆ ಕಾಡು ಬರೀ ಸೌದೆಯ ಮೂಲವಲ್ಲ. ಅವರ ದೇವರ ಬನ, ಹಿರಿಯರ ಗೋರಿ, ಜೇನಿನ ಮರ ಎಲ್ಲ ಇದ್ದದ್ದು ಅಲ್ಲೇ. ಅದಕ್ಕೆ ಬದಲಿ ಏನು ಕೊಡ್ತೀರಿ?

ಇದೇ ಹೊತ್ತಿಗೆ ಉದ್ಯಾನದೊಳಗೆ ದೊಡ್ಡ ಹೋಟೆಲ್ ಕಂಪನಿಯೊಂದರ ರೆಸಾರ್ಟ್ ಎದ್ದಿತು. ಹಾಡಿಯವರಿಗೆ ಒಂದು ಗುಡಿಸಲು ಕಟ್ಟೋಕೆ ಬಿಡದ ಕಾಡಲ್ಲಿ ಪ್ರವಾಸಿಗರಿಗೆ ಕೋಣೆ! ಗಿರಿಜನರು ಬೀದಿಗಿಳಿದರು, ಕೋರ್ಟಿಗೂ ಹೋದರು. ಅರಣ್ಯ ಸಂರಕ್ಷಣಾ ಕಾಯ್ದೆಗೆ ಇದು ವಿರುದ್ಧ ಅಂತ 1997ರಲ್ಲಿ ಹೈಕೋರ್ಟ್ ಹೇಳಿತು, ರೆಸಾರ್ಟ್ ನಿಂತಿತು.

ಅಲ್ಲಿಂದ ಧೈರ್ಯ ಬಂತೋ ಏನೋ, 1998ರ ಏಪ್ರಿಲ್‌ನಲ್ಲಿ 'ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ' ನೇರ ವಿಶ್ವಬ್ಯಾಂಕಿನ ತನಿಖಾ ಮಂಡಳಿಗೇ ದೂರು ಕೊಟ್ಟಿತು. ಗಿರಿಜನರಿರುವ ಕಡೆ ಯೋಜನೆ ಮಾಡುವಾಗ ಅವರ ಜೊತೆ ಕೂತು ಪ್ರತ್ಯೇಕ ಯೋಜನೆ ಮಾಡಬೇಕು ಅನ್ನೋದು ಬ್ಯಾಂಕಿನದೇ ನಿಯಮ. ಅದನ್ನು ಮಾಡಿಲ್ಲ ಅನ್ನೋದು ದೂರು. ಬರೀ ಬೇಡ ಅಂದವರಲ್ಲ ಅವರು. ಕಾಡನ್ನೂ ತಮ್ಮನ್ನೂ ಉಳಿಸೋಕೆ ತಮ್ಮದೇ ಒಂದು 'ಜನರ ಯೋಜನೆ' ಇದೆ ಅಂದರು. ಜೇನು ಕೀಳೋರು ವಾಷಿಂಗ್ಟನ್ನಿಗೆ ಅವರದೇ ನಿಯಮ ತೋರಿಸಿ ಪಾಠ ಹೇಳಿದ್ದನ್ನು ನೆನೆದರೆ ಇವತ್ತೂ ಮೈ ಜುಮ್ಮೆನ್ನುತ್ತೆ.

ಮಂಡಳಿಯವರು ಬಂದು ನೋಡಿ, ದೂರಿನಲ್ಲಿ ಹುರುಳಿದೆ, ಪೂರ್ತಿ ತನಿಖೆ ಆಗಲಿ ಅಂದರು. ಆದರೆ ಬ್ಯಾಂಕಿನ ನಿರ್ದೇಶಕರು ಆ ವರ್ಷದ ಡಿಸೆಂಬರಿನಲ್ಲಿ ತನಿಖೆಗೆ ಒಪ್ಪಲಿಲ್ಲ. ಅಧಿಕಾರಿಗಳೂ ರಾಜ್ಯ ಸರ್ಕಾರವೂ ಸೇರಿ ಸರಿಪಡಿಸಿಕೊಳ್ಳಲಿ ಅಂತ ಮುಗಿಸಿದರು. ಯೋಜನೆ 2004ರವರೆಗೆ ನಡೆಯಿತು. ನಡುವೆ, 1999ರಲ್ಲಿ, ನಾಗರಹೊಳೆ ಹುಲಿ ಮೀಸಲು ಪ್ರದೇಶವೂ ಆಯಿತು. ಒಂದಷ್ಟು ಕುಟುಂಬಗಳು ಹುಣಸೂರು ಬಳಿಯ ನಾಗಾಪುರಕ್ಕೆ ಸ್ಥಳಾಂತರವಾದವು. ಅಲ್ಲಿ ಮನೆ, ಜಮೀನು ಸಿಕ್ಕಿತು. ಸ್ವಂತ ಇಷ್ಟದಿಂದ ಬಂದವರೂ ಇದ್ದರು, ಶಾಲೆ ಆಸ್ಪತ್ರೆ ಹತ್ತಿರ ಬೇಕು ಅಂದವರೂ ಇದ್ದರು. ಅದನ್ನೂ ಮರೆಯಬಾರದು.

ಹಾಗಾದರೆ ದುಡ್ಡೇ ಕೆಟ್ಟದ್ದಾ? ಇಲ್ಲ. ಅದೇ ಯೋಜನೆ, ಅದೇ ಬ್ಯಾಂಕು, ಪೆರಿಯಾರ್‌ನಲ್ಲಿ ಬೇರೆ ಫಲ ಕೊಟ್ಟಿತು. ಕಾಡಿನ ವಯಣ ಮರದ ತೊಗಟೆ ಕದ್ದು ಮಾರುತ್ತಿದ್ದವರನ್ನೇ ಕೂರಿಸಿ ಮಾತಾಡಿ ಸಮಿತಿ ಮಾಡಿದರು. ಅವರು ಪ್ರವಾಸಿಗರಿಗೆ ದಾರಿ ತೋರಿಸೋರಾದರು, ಕಾಡು ಕಾಯೋರೂ ಆದರು. ಹೆಂಗಸರು 'ವಸಂತಸೇನೆ' ಅಂತ ಕಟ್ಟಿಕೊಂಡು ಸಂಬಳವಿಲ್ಲದೆ ಗಸ್ತು ತಿರುಗಿದರು. ಬ್ಯಾಂಕಿನ ದುಡ್ಡು ನಿಂತ ವರ್ಷವೇ, 2004ರಲ್ಲಿ, ಪೆರಿಯಾರ್ ಪ್ರತಿಷ್ಠಾನ ಹುಟ್ಟಿತು. ಪ್ರವಾಸಿಗರ ಟಿಕೆಟ್ಟಿನ ಮೇಲೆ ಸ್ವಲ್ಪ ಹೆಚ್ಚು ಹಣ ಪಡೆದು ಅದರಿಂದಲೇ ಸಮಿತಿಗಳನ್ನು ಉಳಿಸಿಕೊಂಡರು. 2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಪ್ರತಿ ಹುಲಿ ಮೀಸಲಿಗೂ ಇಂಥದ್ದೊಂದು ಪ್ರತಿಷ್ಠಾನ ಇರಬೇಕು ಅಂತಾಯಿತು.

ಅದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಬಂತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು, ಅದೂ ಹುಲಿ ಮೀಸಲಿನೊಳಗೆ! ಜೇನು, ಪಾಚಿ, ನೆಲ್ಲಿಕಾಯಿ ತರೋ ಹಕ್ಕಿನ ಜೊತೆ ಕಾಡನ್ನು ಕಾಯೋ ಹಕ್ಕು ಕೂಡ. ಇಲ್ಲಿ ನಮ್ಮ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಮೇಂಢಾ-ಲೇಖಾ ಅನ್ನೋ ಗೊಂಡರ ಹಳ್ಳಿಗೆ 2009ರಲ್ಲೇ ಅಂಥ ಹಕ್ಕು ಸಿಕ್ಕಿ, 2011ರಿಂದ ತಮ್ಮ ಬಿದಿರನ್ನು ತಾವೇ ಮಾರಿದರು. ಈ ಎರಡು ಕಡೆ ಮೊದಲು ಬಂದದ್ದು ಹಕ್ಕು, ಆಮೇಲೆ ದುಡ್ಡು. ನಾಗರಹೊಳೆಯಲ್ಲಿ ಮೊದಲು ದುಡ್ಡು ಬಂತು, ಹಕ್ಕು ಹಿಂದೆ ಬಿತ್ತು. ವ್ಯತ್ಯಾಸ ಇಷ್ಟೇ ಅಂತ ನನಗನಿಸುತ್ತೆ.

ನಾಗರಹೊಳೆಯಿಂದ 3,418 ಕುಟುಂಬಗಳು ಒಕ್ಕಲೆದ್ದಿವೆ ಅಂತ ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ 52 ಜೇನುಕುರುಬ ಕುಟುಂಬಗಳು ಹಿರಿಯರ ಜಾಗ ಅಂತ ಹೇಳಿ ಕಾಡಿನೊಳಕ್ಕೆ ವಾಪಸು ನಡೆದು ಗುಡಿಸಲು ಕಟ್ಟಿಕೊಂಡವು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಬ್ಯಾರನ್ನಿನ ಹೊಗೆ. ನಾನು ಊರು ಬಿಟ್ಟು ಇಷ್ಟು ದೂರ ಬಂದದ್ದು ನನ್ನ ಇಷ್ಟಕ್ಕೆ, ಬೇಕೆನಿಸಿದರೆ ರಾತ್ರಿ ಬಸ್ಸು ಹತ್ತಿ ವಾಪಸು ಹೋಗಬಲ್ಲೆ. ಅವರು ಹೋಗಿದ್ದು ನಾಲ್ಕಾರು ಮೈಲಿ ಇರಬಹುದು. ಆದರೂ ವಾಪಸು ಹೋಗೋಕೆ ಒಂದು ತಲೆಮಾರು ಬೇಕಾಯಿತು.

ನಿನ್ನೆ ಆ ಹುಡುಗ ಮತ್ತೆ ಸಿಕ್ಕಿದ್ದ. "ದುಡ್ಡು ಹೋಗುತ್ತಪ್ಪ, ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಅವರನ್ನು ಕೇಳೋರು ಕಡಿಮೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹೋಗಬೇಡ ಅಂತೀರಾ ಕಾಕಾ?" ಅಂದ. ಹೋಗು ಅಂದೆ. ಜೀಪಿನಲ್ಲಿ ಕೂತಾಗ ಹುಲಿ ಎಲ್ಲಿ ಅಂತ ಕೇಳೋದರ ಜೊತೆಗೆ, ಇಲ್ಲಿ ಹಾಡಿ ಎಲ್ಲಿತ್ತು ಅಂತಲೂ ಒಂದು ಮಾತು ಕೇಳು ಅಂತ ಹೇಳಿ ಕಳಿಸಿದೆ.