ಗಳಗಂಡವೂ ಶಸ್ತ್ರಚಿಕಿತ್ಸೆಯೂ

ಸಂಸ್ಕೃತದ ‘ಗಲಗಂಡ’ವು ಕನ್ನಡದಲ್ಲಿ ‘ಗಳಗಂಡ’ವೆಂದು ರೂಢವಾಗಿದೆ. ಗಲವೆಂದರೆ ಕೊರಳು, ಗಂಡವೆಂದರೆ ಬಾವು. ಕೊರಳಿನಲ್ಲಿ ಜೋಲುವ ಬಾವಿಗೆ ಈ ಹೆಸರು ಸಲ್ಲುವುದೇ ಹೊರತು, ಕೊರಳೊಳಗಿನ ಯಾವ ಅಂಗಕ್ಕೂ ಸಲ್ಲದು. ಇದನ್ನು ಮರೆತು, ಥೈರಾಯ್ಡ್ ಗ್ರಂಥಿಯನ್ನು ಕೊಯ್ದು ತೆಗೆಯುವ ಚಿಕಿತ್ಸೆಯು ಸುಶ್ರುತಸಂಹಿತೆಯಲ್ಲಿಯೇ ಉಕ್ತವಾಗಿದೆಯೆಂದು ಹೇಳುವುದುಂಟು. ಗ್ರಂಥವನ್ನು ಪರಿಶೀಲಿಸಿದರೆ ಈ ಮಾತು ಅರ್ಧ ಮಾತ್ರ ನಿಲ್ಲುತ್ತದೆ.

ಬಾವು ಒಂದಾದರೆ ಗಳಗಂಡ, ಹಲವಾದರೆ ಗಂಡಮಾಲೆ ಎಂಬುದು ಚರಕನ ವಿಭಾಗ. ಸುಶ್ರುತನು ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗಳಗಂಡವನ್ನು ವಾತಜ, ಕಫಜ, ಮೇದೋಜವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಚಿಕಿತ್ಸಾಸ್ಥಾನದ 18ನೆಯ ಅಧ್ಯಾಯದಲ್ಲಿ ಸ್ವೇದ, ಲೇಪ, ರಕ್ತಮೋಕ್ಷಣಗಳು ವಿಹಿತವಾಗಿವೆ. ಮೇದೋಜದಲ್ಲಿ ಶಸ್ತ್ರದಿಂದ ಸೀಳಿ, ಮೇದಸ್ಸನ್ನು ತೆಗೆದು ಹೊಲಿಯುವ ಕ್ರಮವೂ ಉಂಟು. ಅಲ್ಲಿ ತೆಗೆಯತಕ್ಕದ್ದು ಮೇದಸ್ಸು, ಗ್ರಂಥಿಯಲ್ಲ. ಉಸಿರಾಟಕ್ಕೆ ಕಷ್ಟಪಡುವ, ದನಿಯೊಡೆದ, ವ್ಯಾಧಿ ಹುಟ್ಟಿ ವರ್ಷ ಮೀರಿದ ರೋಗಿಯನ್ನು ವೈದ್ಯನು ವರ್ಜಿಸಬೇಕೆಂದೂ ಆತನು ವಿಧಿಸಿದ್ದಾನೆ.

ಯೂರೋಪಿನಲ್ಲಿಯೂ 19ನೆಯ ಶತಮಾನದ ಮಧ್ಯದವರೆಗೆ ಈ ಶಸ್ತ್ರಕ್ರಿಯೆಯು ರಕ್ತಸ್ರಾವದಿಂದಲೂ ಕೀವಿನಿಂದಲೂ ಪ್ರಾಣಾಪಾಯಕರವಾಗಿದ್ದಿತು. ಅರಿವಳಿಕೆ, ಕ್ರಿಮಿನಿವಾರಣೆ, ರಕ್ತನಾಳಗಳನ್ನು ಹಿಡಿಯುವ ಚಿಮುಟ ಇವುಗಳಿಂದ ದಾರಿ ತೆರೆಯಿತು. ಅರಿವಳಿಕೆಯ ಚರಿತ್ರೆಯಲ್ಲಿ ಈ ನಾಡಿಗೂ ಸಂಬಂಧವುಂಟು: ಕ್ಲೋರೋಫಾರ್ಮ್ ಎಷ್ಟು ನಿರಪಾಯವೆಂಬುದನ್ನು ಪರೀಕ್ಷಿಸಿದ 1888 ಮತ್ತು 1889ರ ಎರಡು ಆಯೋಗಗಳು ನಡೆದುದು ಹೈದರಾಬಾದಿನಲ್ಲಿ. ಸುರಪುರ, ಕೊಡೇಕಲ್ ಸೀಮೆಯು ಆಗ ಆ ಸಂಸ್ಥಾನಕ್ಕೆ ಸೇರಿದ್ದಿತು.

ಬರ್ನ್ ನಗರದ ಥಿಯೋಡರ್ ಕೋಖರನು ಈ ಶಸ್ತ್ರಕ್ರಿಯೆಯಲ್ಲಿ ಅಗ್ರಗಣ್ಯನು. ಆದರೆ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದ ರೋಗಿಗಳು ಜಡರಾಗಿ, ಮುಖ ಊದಿ, ಬುದ್ಧಿ ಕುಂದಿದುದನ್ನು 1883ರಲ್ಲಿ ಆತನೇ ಪ್ರಕಟಿಸಿದನು. ಆ ಬಳಿಕ ಒಂದು ಭಾಗವನ್ನು ಉಳಿಸುವ ಪದ್ಧತಿಯನ್ನು ಹಿಡಿದನು. 1891ರಲ್ಲಿ ಜಾರ್ಜ್ ಮರ್ರೇ ಕುರಿಯ ಗ್ರಂಥಿಯ ಸಾರವನ್ನು ಕೊಟ್ಟು ಇಂಥ ಜಾಡ್ಯವನ್ನು ನಿವಾರಿಸಿದನು. 1914ರಲ್ಲಿ ಕೆಂಡಾಲನು ಥೈರಾಕ್ಸಿನ್ನನ್ನು ಬೇರ್ಪಡಿಸಿದನು. ಕೋಖರನಿಗೆ 1909ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಹೀಗೆ ಗ್ರಂಥಿಯ ಕಾರ್ಯವು ಅದನ್ನು ಕಳೆದುಕೊಂಡವರ ದುಃಖದಿಂದಲೇ ತಿಳಿದುಬಂದಿತು. ಆ ತಿಳಿವನ್ನು ಸುಶ್ರುತನಿಗೆ ಆರೋಪಿಸುವುದರಿಂದ ಆತನ ಕೀರ್ತಿಯೇನೂ ಬೆಳೆಯದು. ಎಲ್ಲಿ ಶಸ್ತ್ರವಿಡಬೇಕು, ಎಲ್ಲಿ ಕೈತಡೆಯಬೇಕು ಎಂಬ ವಿವೇಕವೇ ಆತನ ಹಿರಿಮೆಗೆ ಸಾಕಾದ ಪ್ರಮಾಣ. ಪಾಠ ಹೇಳುವವರು ಗಳಗಂಡವನ್ನು ಬಾವೆಂದೇ ಅರ್ಥೈಸುವುದು ಯುಕ್ತ.