ಮಂಡಿನೋವಿನ ಮದ್ದು: ಎಣ್ಣೆಯ ಬಟ್ಟಲಿನಿಂದ ವ್ಯಾಯಾಮದ ಚಾಪೆಯವರೆಗೆ

ನಮ್ಮ ಸಂಘದ ಹಿರಿಯ ಸದಸ್ಯೆಯರು ನಾಲ್ಕು ಜನ ಸೇರಿದರೆ ಮಾತು ಮಂಡಿನೋವಿಗೆ ಬಂದೇ ಬರುತ್ತದೆ. ಒಬ್ಬರು ಲಕ್ಕಿ ಸೊಪ್ಪಿನ ಶಾಖ ಎನ್ನುತ್ತಾರೆ, ಇನ್ನೊಬ್ಬರು ಮಹಾನಾರಾಯಣ ತೈಲ ಎನ್ನುತ್ತಾರೆ, ಮತ್ತೊಬ್ಬರು "ಅದೆಲ್ಲ ಬಿಡಿ, ಫಿಸಿಯೋಥೆರಪಿಗೆ ಹೋಗಿ" ಎನ್ನುತ್ತಾರೆ. ಎರಡೂ ಒಂದಕ್ಕೊಂದು ವಿರೋಧ ಎಂಬಂತೆ ವಾದ ನಡೆಯುತ್ತದೆ. ನಾನು ವೈದ್ಯೆಯಲ್ಲ, ಸಾಫ್ಟ್‌ವೇರ್ ಕೆಲಸದವಳು. ಆದರೆ ಒಂದು ವ್ಯವಸ್ಥೆ ಹೇಗೆ ಬೆಳೆದು ಬಂತು ಎಂದು ಹಿಂದಕ್ಕೆ ಹೋಗಿ ನೋಡುವುದು ನನ್ನ ವೃತ್ತಿಯ ಅಭ್ಯಾಸ. ಹಾಗೆ ನೋಡಿದಾಗ ಈ ಎರಡು ದಾರಿಗಳೂ ನಮ್ಮ ಮುಂಬಯಿಯ ಮೇಲೆಯೇ ಹಾದುಹೋಗಿರುವುದು ಕಂಡಿತು.

ಚರಕ ಸಂಹಿತೆ 'ಸಂಧಿಗತ ವಾತ'ವನ್ನು ವರ್ಣಿಸುವ ರೀತಿ ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ: ಮುಟ್ಟಿದರೆ ಗಾಳಿ ತುಂಬಿದ ಚರ್ಮದ ಚೀಲದಂತಿರುವ ಊತ, ಚಾಚುವಾಗಲೂ ಮಡಿಸುವಾಗಲೂ ನೋವು. ಸುಶ್ರುತ ಸಂಹಿತೆ ಇದಕ್ಕೆ ಹೇಳುವ ಚಿಕಿತ್ಸೆ ಬರೀ ಎಣ್ಣೆಯಲ್ಲ. ಸ್ನೇಹದ ಜೊತೆಗೆ ಬಿಸಿ ಲೇಪ ಕಟ್ಟುವ ಉಪನಾಹ, ಅಗ್ನಿಕರ್ಮ, ಬಂಧನ, ತಿಕ್ಕುವ ಉನ್ಮರ್ದನ ಎಲ್ಲವೂ ಇವೆ. ಅಂದರೆ ಮದ್ದಿನ ಜೊತೆ ಕೈಕೆಲಸವೂ ಇತ್ತು. ನಮ್ಮ ಅಜ್ಜಿಯರು ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಮಂಡಿಗೆ ಕಟ್ಟುತ್ತಿದ್ದುದೂ, ಲಕ್ಕಿ ಸೊಪ್ಪು ಕುದಿಸಿದ ನೀರು ಹೊಯ್ಯುತ್ತಿದ್ದುದೂ ಇದೇ ಪರಂಪರೆಯಲ್ಲಿ.

ಕೈಯಿಂದ ಮದ್ದು ಬಾಟಲಿಗೆ ಜಾರಿದ ಕಥೆಯಲ್ಲಿ ಮುಂಬಯಿಗೆ ದೊಡ್ಡ ಪಾಲಿದೆ. 1893ರಲ್ಲಿ ತೆಲುಗಿನವರಾದ ಕಾಶೀನಾಥುನಿ ನಾಗೇಶ್ವರ ರಾವ್ ಇಲ್ಲಿ ಅಮೃತಾಂಜನ ಆರಂಭಿಸಿದರು. ಸಂಗೀತ ಕಛೇರಿಗಳಲ್ಲಿ ಅದನ್ನು ಪುಕ್ಕಟೆ ಹಂಚಿ ಜನಪ್ರಿಯಗೊಳಿಸಿದರಂತೆ. 1914ರಲ್ಲಿ ಕಂಪನಿ ಮದರಾಸಿಗೆ ಹೋಯಿತು. ಇಂಥ ನೋವಿನ ಮುಲಾಮುಗಳಲ್ಲಿ ಸಾಮಾನ್ಯವಾಗಿರುವ ವಿಂಟರ್‌ಗ್ರೀನ್ ಎಣ್ಣೆಯ ಸಾರ ಮೀಥೈಲ್ ಸ್ಯಾಲಿಸಿಲೇಟ್. ಇದು ಆಸ್ಪಿರಿನ್‌ನ ಹತ್ತಿರದ ನೆಂಟ. ಇದನ್ನು ಕೊಡುವ ಗಿಡ ನಮ್ಮ ನೀಲಗಿರಿಯಲ್ಲೂ ಬೆಳೆಯುತ್ತದೆ. ಚರ್ಮದ ಮೂಲಕ ಇದು ರಕ್ತ ಸೇರುವುದರಿಂದ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹಚ್ಚಬಾರದು. ಬಾಟಲಿ ಬಂದಿದ್ದರಿಂದ ಅನುಕೂಲವಾಯಿತು, ನಿಜ. ಆದರೆ ತಿಕ್ಕುವ ಕೈ, ಕಟ್ಟುವ ಬಟ್ಟೆ, ಶಾಖ ಕೊಡುವ ತಾಳ್ಮೆ ಹಿಂದೆ ಸರಿದವು.

ಆ ಕೈಕೆಲಸ ಬೇರೊಂದು ದಾರಿಯಲ್ಲಿ ಮರಳಿ ಬಂತು. 1813ರಲ್ಲಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆ ಕಟ್ಟಿದ. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ತರಬೇತಿ ಪಡೆದ ಅಂಗಮರ್ದನಕಾರರ ಸಂಘ ಸ್ಥಾಪಿಸಿದರು. 'ಮಸಾಜ್' ಎಂಬ ಹೆಸರಿಗೆ ಆಗ ಕಳಂಕ ಅಂಟಿತ್ತು. ತಮ್ಮ ವೃತ್ತಿಯ ಮರ್ಯಾದೆ ಉಳಿಸಿಕೊಳ್ಳಲು ಆ ಹೆಂಗಸರು ಮಾಡಿದ ಹೋರಾಟವೇ ಇಂದಿನ ಬ್ರಿಟಿಷ್ ಫಿಸಿಯೋಥೆರಪಿ ಸಂಘದ ಬೇರು. ನಮ್ಮಲ್ಲೂ ಹೆಣ್ಣೊಬ್ಬಳ ಪಾತ್ರವಿದೆ. ಮಗಳಿಗೆ ಪೋಲಿಯೋ ತಗುಲಿದಾಗ ದಾರಿ ಹುಡುಕಿದ ಫಾತಿಮಾ ಇಸ್ಮಾಯಿಲ್, ಬೇರೆ ಮಕ್ಕಳಿಗೂ ನೆರವಾಗಲೆಂದು 1947ರಲ್ಲಿ ಮುಂಬಯಿಯಲ್ಲಿ ಚಿಕಿತ್ಸಾಲಯ ತೆರೆದರು. 1958ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಪೋಲಿಯೋ ಮಕ್ಕಳಿಗಾಗಿ ಬೆಳೆದ ವಿದ್ಯೆ ಇಂದು ನಮ್ಮ ಅಮ್ಮಂದಿರ ಮಂಡಿಗೂ ಸಿಕ್ಕಿದೆ.

ಸವೆದ ಮಂಡಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಬಹುಕಾಲ ಇತ್ತು. 1997ರಲ್ಲಿ ಅಮೆರಿಕದಲ್ಲಿ 60 ದಾಟಿದ 439 ಜನರ ಮೇಲೆ ನಡೆದ 18 ತಿಂಗಳ ಅಧ್ಯಯನ ಪ್ರಕಟವಾಯಿತು. ನಡಿಗೆ ಮತ್ತು ಸ್ನಾಯು ಬಲಪಡಿಸುವ ವ್ಯಾಯಾಮ ಎರಡೂ ನೋವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸಿ, ಓಡಾಟವನ್ನು ಸುಧಾರಿಸಿದವು. ಹಚ್ಚುವ ಗಿಡಮೂಲಿಕೆಗಳನ್ನು 2013ರಲ್ಲಿ ಕಾಕ್ರೇನ್ ಪರಾಮರ್ಶೆ ತೂಗಿ ನೋಡಿತು. ಯುರೋಪಿನ ಕಾಂಫ್ರೆ ಗಿಡದ ಮುಲಾಮು ಮಂಡಿನೋವಿಗೆ ಬಹುಶಃ ಉಪಯುಕ್ತ ಎಂದಿತು. ಆಗ ಪರೀಕ್ಷಿಸಿದ ಪ್ರಮಾಣದ ಮೆಣಸಿನಕಾಯಿ ಸಾರಕ್ಕೆ ಅಂಥ ಗುಣ ಕಾಣಲಿಲ್ಲ. ಒಟ್ಟಿನಲ್ಲಿ ಲೇಪದಿಂದ ಆಗುವುದು ನೋವಿನ ಶಮನ. ಮಂಡಿಯ ಭಾರ ಹೊರುವ ತೊಡೆಯ ಸ್ನಾಯುವಿಗೆ ಶಕ್ತಿ ತುಂಬುವುದು ವ್ಯಾಯಾಮದ ಕೆಲಸ. ಒಂದರ ಕೆಲಸ ಇನ್ನೊಂದು ಮಾಡಲಾರದು.

ಹಾಗಿದ್ದರೂ ನಮ್ಮ ಹೆಂಗಸರು ಬಾಟಲಿಯನ್ನೇ ಏಕೆ ಆರಿಸಿಕೊಳ್ಳುತ್ತಾರೆ? ನನ್ನ ಅಮ್ಮನನ್ನು ಕೇಳಿದರೆ, "ಎಲ್ಲರೂ ಮಲಗಿದ ಮೇಲೆ ಎರಡು ನಿಮಿಷದಲ್ಲಿ ಎಣ್ಣೆ ಹಚ್ಚಿಕೊಳ್ಳಬಹುದು. ವ್ಯಾಯಾಮಕ್ಕೆ ಅರ್ಧ ಗಂಟೆ ಎಲ್ಲಿಂದ ತರಲಿ?" ಎಂದರು. ಅಜ್ಞಾನದ ಮಾತಲ್ಲ ಅದು, ಮನೆಯ ಲೆಕ್ಕಾಚಾರ. ಈಗ ಬೆಳಗಿನ ತಿಂಡಿಯ ಕೆಲಸ ಅಪ್ಪ ವಹಿಸಿಕೊಂಡಿದ್ದಾರೆ. ಅಮ್ಮ ಬಿಸಿ ಎಣ್ಣೆ ಸವರಿಕೊಂಡು, ನೋವು ಸಡಿಲವಾದ ಮೇಲೆ ಚಾಪೆಯ ಮೇಲೆ ಮಲಗಿ ಕಾಲೆತ್ತುವ ಅಭ್ಯಾಸ ಮಾಡುತ್ತಾರೆ. ಯಾವ ಅಭ್ಯಾಸ, ಎಷ್ಟು ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದಾರೆ. ಲೋಕಲ್ ರೈಲಿನ ಮೆಟ್ಟಿಲು ಹತ್ತುವಾಗ ಅವರೀಗ ಕಂಬಿ ಹಿಡಿದರೂ ನಿಲ್ಲುವುದಿಲ್ಲ.

ಸೋದರಿಯರೇ, ಎಣ್ಣೆಯ ಬಾಟಲಿ ಬಿಸಾಡಬೇಕಿಲ್ಲ. ಅದರ ಪಕ್ಕದಲ್ಲಿ ಒಂದು ಚಾಪೆ ಇಡಿ, ಅರ್ಧ ಗಂಟೆಯನ್ನು ಮನೆಯವರಿಂದ ಕೇಳಿ ಪಡೆಯಿರಿ. ಮಂಡಿ ತೀರಾ ಊದಿದರೆ, ಬಿಸಿಯಾಗಿ ಕೆಂಪಾದರೆ ಅಥವಾ ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿಗೆ ಹೋಗಿ.